ಲಿಂಗಸುಗೂರು ಬಸ್ಸಿಗೊಂದು ಪಾವಟಿಗೆ

ಈಗಲೂ ಬಸ್ಸೊಂದು ಗೇರು ಹಾಕಿಕೊಂಡು ಮುಂದಕ್ಕೆ ಜಗ್ಗುವ ಸದ್ದು ಕೇಳಿದರೆ ನನ್ನ ಕೈ ನಿಂತುಬಿಡುತ್ತದೆ. ಗುಳಿಗೆಯ ಪಟ್ಟಿ ಕತ್ತರಿಸುತ್ತಿದ್ದರೆ ಕತ್ತರಿ ಬಾಯಿ ತೆರೆದುಕೊಂಡು ಅಲ್ಲೇ ಉಳಿಯುತ್ತದೆ. ಎದುರಿಗೆ ನಿಂತ ಗಿರಾಕಿ, “ಯಾಕ್ರೀ ಅಕ್ಕಾರ, ಏನಾತು?” ಎಂದು ಕೇಳುತ್ತಾರೆ. ಏನಿಲ್ಲ ಎನ್ನುತ್ತೇನೆ. ಕತ್ತು ಚಾಚಿ ಬಸ್ ನಿಲ್ದಾಣದ ಕಡೆ ನೋಡಿ, ಬಾಗಿಲಲ್ಲಿ ಯಾರೂ ಜೋತುಬಿದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಕತ್ತರಿ ಆಡಿಸುತ್ತೇನೆ.

ಸಿಂಧನೂರಿನ ಬಸ್ ನಿಲ್ದಾಣದ ಎದುರಿಗೆ, ರಸ್ತೆಯ ಈಚೆ ಬದಿಗೆ ನಮ್ಮ ಔಷಧಿ ಅಂಗಡಿ. ನಾನು ಫಾರ್ಮಸಿ ಓದಿ, ಮದುವೆಯಾಗಿ ಈ ಊರಿಗೆ ಬಂದವಳು. ಹೊರಗಿನ ಓಡಾಟ ಗಂಡನದು, ಕೌಂಟರು ನನ್ನದು. ಕೌಂಟರಿನ ಹಿಂದೆ ನಿಂತರೆ ಲಿಂಗಸುಗೂರಿನ ಬಸ್ಸು ಬಂದು ನಿಲ್ಲುವ ಜಾಗ ನೇರವಾಗಿ ಕಣ್ಣಿಗೆ ಬೀಳುತ್ತದೆ. ಆ ಬಸ್ಸು ಮಸ್ಕಿಯ ಮೇಲೆ ಹೋಗುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಅತ್ತೆ ಅದನ್ನು ಹತ್ತಿ ಮಸ್ಕಿಗೆ ಹೋಗುತ್ತಾರೆ.

ಅತ್ತೆಗೆ ಎಪ್ಪತ್ತು ದಾಟಿದೆ. ಮಸ್ಕಿಯಲ್ಲಿ ಅವರ ಅಕ್ಕ, ಅವರಿಗಿಂತ ದೊಡ್ಡವರು, ಮಗ ಸೊಸೆಯ ಜೊತೆ ಇದ್ದಾರೆ. ಅಕ್ಕನ ಕೈಗಳು ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಸೋಮವಾರ ತಲೆಗೆ ಎರೆದುಕೊಳ್ಳದೆ ಅವರು ಪೂಜೆಗೆ ಕೂರುವವರಲ್ಲ. ಹಾಗೆಂದು ಸೊಸೆಯ ಕೈಗೆ ತಲೆ ಕೊಡುವುದೂ ಇಲ್ಲ. “ಆಕಿ ಕೈಯಾಗ ಕೊಟ್ರ ತೆಂಗಿನಕಾಯಿ ಸುಲದಂಗ ಸುಲೀತಾಳ” ಎನ್ನುತ್ತಾರೆ. ಸೊಸೆ ನಗುತ್ತಾ, “ಹೌದವ್ವಾ, ನಿಮ್ಮ ತಂಗಿನ ಬರ್ಲಿ, ನಾ ನೀರು ಕಾಸಿ ಕೊಡ್ತೀನಿ” ಎಂದು ಒಪ್ಪಿಕೊಂಡಿದ್ದಾಳೆ. ಹಾಗಾಗಿ ಸೀಗೆಕಾಯಿ ಪುಡಿಯ ಚೀಲ ಹಿಡಿದು ನಮ್ಮ ಅತ್ತೆ ಹೊರಡುತ್ತಾರೆ. ಅಕ್ಕನ ತಲೆಗೆ ಎಣ್ಣೆ ತಿಕ್ಕಿ, ಎರೆದು, ಬಿಸಿಲಿಗೆ ಕೂಡಿಸಿ ಸಿಕ್ಕು ಬಿಡಿಸುತ್ತಾ ಇಬ್ಬರೂ ಲೋಕದ ಮಾತೆಲ್ಲ ಆಡಿ ಮುಗಿಸುತ್ತಾರೆ. ಸಂಜೆಯ ಬಸ್ಸಿಗೆ ಅತ್ತೆ ವಾಪಸು.

ಈ ಹೋಗಿಬರುವಿಕೆಗೆ ಅಡ್ಡಿಯಾಗಿದ್ದದ್ದು ಬಸ್ಸಿನ ಮೊದಲ ಮೆಟ್ಟಿಲು. ಮೊಣಕಾಲು ಹಿಡಿದವರಿಗೆ ಅದು ಗುಡ್ಡ. ಊರನ್ನು ವಯಸ್ಸಾದವರಿಗೆ ಅನುಕೂಲವಾಗುವಂತೆ ಮಾಡಬೇಕೆಂದು ಒಮ್ಮೆ ನಮ್ಮ ವಾರ್ಡಿನಲ್ಲಿ ಸಭೆ ಕರೆದಿದ್ದರು. ಅಂಗಡಿಯವರು, ಆಟೋದವರು, ಕಾಲೇಜಿನವರು, ಮಠದವರು, ಮಸೀದಿಯ ಹಿರಿಯರು ಎಲ್ಲ ಬಂದಿದ್ದರು. ಉದ್ಯಾನ ಬೇಕು, ಕೂರಲು ಕಲ್ಲು ಬೆಂಚು ಬೇಕು ಎಂದು ಮಾತಾಡಿದವರೆಲ್ಲ ನಮ್ಮಂಥ ನಡುವಯಸ್ಸಿನವರು. ಕೊನೆಗೆ ಯಾರೋ, “ಹಿರ್‍ಯಾರು ಏನಂತೀರಿ?” ಎಂದು ಕೇಳಿದರು. ಅತ್ತೆ ಕೂತಲ್ಲಿಂದಲೇ ಹೇಳಿದರು: “ಕುಂದ್ರಾಕ ನಮ್ಮನ್ಯಾಗ ಕಟ್ಟಿ ಐತ್ರಿ. ಊರಿಗೆ ಹೋಗ್ಬೇಕಂದ್ರ ಬಸ್ಸಿನ ಪಾವಟಿಗಿ ಎದಿಮಟ ಐತಿ. ಅದಕ್ಕೇನರ ಮಾಡ್ರಿ.”

ಸಭೆ ನಕ್ಕಿತು. ಆದರೆ ವಾರ ಕಳೆಯುವುದರೊಳಗೆ ಒಂದು ಕಟ್ಟಿಗೆಯ ಪಾವಟಿಗೆ ತಯಾರಾಗಿತ್ತು. ಅಕ್ಕಿ ಗಿರಣಿಯೊಂದರವರು ಹಳೆಯ ಹಲಗೆ ಕೊಟ್ಟರು. ಬಡಗಿಯೊಬ್ಬರು ಎರಡು ಮೆಟ್ಟಿಲು ಮಾಡಿ ಒಂದು ಕಡೆ ಹಿಡಿಕೆ ನಿಲ್ಲಿಸಿದರು. ಪಂಕ್ಚರ್ ಅಂಗಡಿಯವರು ಜಾರದಂತೆ ಅಡಿಗೆ ಟೈರಿನ ರಬ್ಬರು ಹೊಡೆದರು. ಯಾರೋ ಹಳದಿ ಬಣ್ಣ ಬಳಿದರು. ನಿಲ್ದಾಣದ ಕಂಬಕ್ಕೆ ಸರಪಳಿ ಹಾಕಿ, ಕೀಲಿಯನ್ನು ಅಲ್ಲೇ ಬಾಳೆಹಣ್ಣು ಮಾರುವವರ ಕೈಗೆ ಕೊಟ್ಟಾಯಿತು. ಅವರ ಗಾಡಿ ಅದೇ ಕಂಬದ ಬುಡದಲ್ಲಿ ನಿಲ್ಲುತ್ತದೆ. ಮುದುಕರು ಬಂದರೆ ಅವರು ಹಣ್ಣು ಬಿಟ್ಟು ಪಾವಟಿಗೆ ಹೊತ್ತು ಓಡುತ್ತಾರೆ. ಅವರು ನಮಾಜಿಗೆ ಹೋದರೆ ಶೇಂಗಾ ಮಾರುವ ಅಕ್ಕ ಓಡುತ್ತಾಳೆ. ಆಕೆಯೂ ಇಲ್ಲದಿದ್ದರೆ ಆಟೋದವರು.

ಹತ್ತಿಸಿದ್ದೇನೋ ಆಯಿತು, ಮಸ್ಕಿಯಲ್ಲಿ ಇಳಿಸುವವರು ಯಾರು? ಅದಕ್ಕೂ ಹಣ್ಣಿನವರೇ ದಾರಿ ಹುಡುಕಿದರು. ಮಸ್ಕಿಯ ನಿಲ್ದಾಣದ ಚಹಾದಂಗಡಿಯವನಿಗೆ ಫೋನು ಹಚ್ಚುತ್ತಿದ್ದರು: “ಒಬ್ಬಾಕಿ ಅವ್ವ ಬರಾಕತ್ಯಾಳ ನೋಡು ತಮ್ಮಾ. ಹಸರ ಸೀರಿ, ಹಿಂದಿನ ಕಿಟಕಿ. ಡಬ್ಬಿ ತಂದಿಡು.” ಹಾಲಿನ ಪಾಕೀಟುಗಳನ್ನಿಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಆತ ಕಾಯುತ್ತಿದ್ದ. ಲಿಂಗಸುಗೂರಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ಈ ಸಾಲಿಗೆ ಸೇರಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮೂರು ಊರುಗಳ ನಡುವೆ ಮುದುಕ ಮುದುಕಿಯರು ಹೀಗೆ ಕೈಯಿಂದ ಕೈಗೆ ದಾಟುತ್ತಿದ್ದುದನ್ನು ಕೌಂಟರಿನ ಹಿಂದೆ ನಿಂತು ನಾನು ನೋಡುತ್ತಿದ್ದೆ. ಇದನ್ನು ಯಾರೂ ಯೋಜಿಸಿರಲಿಲ್ಲ, ಇದಕ್ಕೊಂದು ಹೆಸರೂ ಇರಲಿಲ್ಲ.

ಕೆಲಸ ಒಂದು ರೂಢಿಗೆ ಬಂದಿತ್ತು. ಗದ್ದಲದಲ್ಲಿ ಕಂಡಕ್ಟರ್ ಬಸ್ಸಿನೊಳಗೆ ಎಲ್ಲೋ ಟಿಕೆಟ್ ಕೊಡುತ್ತಿರುತ್ತಾರೆ. ಬಾಗಿಲ ಬಳಿ ನಿಂತವರು ಬಸ್ಸಿನ ತಗಡಿಗೆ ಅಂಗೈಯಿಂದ ಎರಡೇಟು ಬಡಿದರೆ ಡ್ರೈವರ್ ಹೊರಡುತ್ತಾರೆ. ಇದು ನಮ್ಮ ಕಡೆ ಮೊದಲಿನಿಂದಲೂ ಇದ್ದದ್ದೇ. ಪಾವಟಿಗೆ ಬಂದ ಮೇಲೆ ಆ ಬಡಿತವೂ ಪಾವಟಿಗೆ ಹೊತ್ತವರ ಪಾಲಿಗೆ ಬಂತು. ಹತ್ತಿಸಬೇಕು, ಪಾವಟಿಗೆ ಎತ್ತಬೇಕು, ಎರಡೇಟು ಬಡಿಯಬೇಕು. ಬಡಿತ ಬಿದ್ದಿತೆಂದರೆ ಹಿರಿಯರು ಹತ್ತಿದ್ದಾರೆ ಎಂದೇ ಡ್ರೈವರುಗಳ ನಂಬಿಕೆ.

ಬಸ್ಸಿಗೆ ಬಾಗಿಲು ಎರಡು, ಪಾವಟಿಗೆ ಒಂದೇ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಆ ಸೋಮವಾರ ಬಸ್ಸು ತಡವಾಗಿ ಬಂದಿತ್ತು. ಹಟ್ಟಿಯ ಗಣಿಗೆ ಪಾಳಿಗೆ ಹೋಗುವವರು, ಲಿಂಗಸುಗೂರಿನ ಕಚೇರಿಗೆ ಹೋಗುವವರು, ಸಂತೆ ಚೀಲದವರು ಎಲ್ಲ ಒಟ್ಟಿಗೆ ಮುಗಿಬಿದ್ದಿದ್ದರು. ಕಿಟಕಿಗಳಿಂದ ಟವೆಲ್ಲುಗಳು ಒಳಗೆ ಹಾರುತ್ತಿದ್ದವು. ಹಣ್ಣಿನವರು ಪಾವಟಿಗೆಯನ್ನು ಮುಂದಿನ ಬಾಗಿಲಿಗೆ ಹಚ್ಚಿ ವಳಕಮದಿನ್ನಿಯ ಯಜಮಾನರೊಬ್ಬರನ್ನು ಹತ್ತಿಸುತ್ತಿದ್ದರು. ಕೋಲು ಹಿಡಿದ, ಬಿಳಿ ರುಮಾಲಿನ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ನಮ್ಮ ಅತ್ತೆ ಕಾಯಲಿಲ್ಲ. ಹಿಂದಿನ ಬಾಗಿಲ ಪಕ್ಕದಲ್ಲಿ ಒಂದು ಸೀಟು ಖಾಲಿ ಇರುವುದು ಅವರ ಕಣ್ಣಿಗೆ ಬಿದ್ದಿತ್ತು. ಕಂಬಿ ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ಇನ್ನೊಂದರ ತುದಿಬೆರಳು ನೆಲದ ಮೇಲಿತ್ತು.

ಮುಂದೆ ಯಜಮಾನರು ಹತ್ತಿದರು. ಪಾವಟಿಗೆ ಎದ್ದಿತು. ತಗಡಿಗೆ ಎರಡೇಟು ಬಿತ್ತು.

ನಾನು ಮೊದಲು ನೋಡಿದ್ದು ಅತ್ತೆಯ ಚಪ್ಪಲಿ. ಅದು ನೆಲದಲ್ಲೇ ಉಳಿದು ಅವರ ಕಾಲು ಅದರಿಂದ ದೂರ ಹೋಗುತ್ತಿತ್ತು. ಬಸ್ಸು ಜಗ್ಗಿತು, ಅವರ ಮೈ ತಿರುಗಿ ಬೆನ್ನು ಹೊರಗಾಯಿತು. ಆ ಬಾಗಿಲಿಗೆ ಹತ್ತಿಯೇ ಹಿಂದಿನ ಗಾಲಿ. ಸೀರೆಯ ನೆರಿಗೆ ಗಾಲಿಯ ಕಡೆ ಹಾರುತ್ತಿತ್ತು. ನಾನು ಕೂಗಿದೆ, ಅಥವಾ ಕೂಗಿದೆ ಎಂದುಕೊಂಡೆ; ಬಾಯಿಂದ ಏನೂ ಬರಲಿಲ್ಲವೆಂದು, ಆ ಹೊತ್ತಿಗೆ ಅಂಗಡಿಯಲ್ಲೇ ಇದ್ದ ಗಂಡ ಆಮೇಲೆ ಹೇಳಿದರು. ರಸ್ತೆಗೆ ಇಳಿದರೆ ಭತ್ತದ ಟ್ರ್ಯಾಕ್ಟರ್ ಅಡ್ಡ. ಅದು ದಾಟುವ ತನಕ ಆಚೆ ಏನಾಗುತ್ತಿದೆಯೋ ಕಾಣದು. ಇವತ್ತಿಗೂ ನನ್ನೊಳಗೆ ಮತ್ತೆ ಮತ್ತೆ ಹಾದುಹೋಗುವುದು ಆ ಟ್ರ್ಯಾಕ್ಟರ್. ಒಂದೊಂದು ಸಲ ಅದು ದಾಟುವುದೇ ಇಲ್ಲ.

ದಾಟಿದ ಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಹಣ್ಣಿನವರು ಪಾವಟಿಗೆ ಬಿಸಾಡಿ ಓಡುತ್ತಿದ್ದರು. ಓಡುತ್ತಲೇ ಅತ್ತೆಯ ಸೊಂಟದ ಕೆಳಗೆ ತಮ್ಮ ಹೆಗಲು ಕೊಟ್ಟಿದ್ದರು. ಬಾಗಿಲಲ್ಲಿ ಗಣಿಯ ಕಾರ್ಮಿಕನೊಬ್ಬ ಮೆಟ್ಟಿಲ ಮೇಲೆ ಹೊಟ್ಟೆ ಹಚ್ಚಿ ಮಲಗಿ ಅವರ ಎರಡೂ ರಟ್ಟೆ ಹಿಡಿದಿದ್ದ. ಆತ ಜಾರದಂತೆ ಆತನ ಬೆಲ್ಟನ್ನು ಒಬ್ಬ ಹೆಂಗಸು ಎರಡೂ ಕೈಯಿಂದ ಹಿಡಿದಿದ್ದಳು, ಆಕೆಯ ಸೊಂಟವನ್ನು ಇನ್ನೊಬ್ಬಳು ಹಿಡಿದಿದ್ದಳು. ಶೇಂಗಾದ ಅಕ್ಕ ಗಾಲಿಯ ಪಕ್ಕದಲ್ಲೇ ಓಡುತ್ತಾ ಸೀರೆಯ ನೆರಿಗೆಯನ್ನು ತನ್ನ ಕಡೆ ಎಳೆದುಕೊಂಡಿದ್ದಳು. ನಿಲ್ದಾಣದ ಹೊರದಾರಿಯಲ್ಲಿ ಒಬ್ಬ ಆಟೋದವನು ತನ್ನ ಆಟೋವನ್ನು ಬಸ್ಸಿಗೆ ಅಡ್ಡ ತಿರುಗಿಸಿ, ಒಳಗೆ ಕೂತೇ ಇದ್ದ. ಇಳಿದು ದೂರ ಓಡಲೂ ಇಲ್ಲ. ಬಸ್ಸು ಅವನ ಮಗ್ಗುಲಿಗೆ ಬಂದು ನಿಂತಿತು.

ಅಷ್ಟೂ ಜನ ಒಬ್ಬ ಮುದುಕಿಯ ಮೈಗೆ ಹೆಣೆದುಕೊಂಡು ನಿಂತಿದ್ದರು. ಯಾರೂ ಕೈ ಬಿಡುತ್ತಿಲ್ಲ. ಬಸ್ಸು ನಿಂತಿದೆ ಎಂಬುದನ್ನು ಅವರ ಕೈಗಳು ಇನ್ನೂ ನಂಬಿರಲಿಲ್ಲ. ನಾನು ಗುಡಿಗಳಲ್ಲಿ ಕೈಮುಗಿದಿದ್ದೇನೆ. ಆದರೆ ನಿಂತ ನಿಲುವಿನಲ್ಲೇ ಕೈಗಳು ತಾವಾಗಿ ಜೋಡಿಕೊಂಡದ್ದು ಅವತ್ತು, ಆ ಬಸ್ಸಿನ ಹಿಂದಿನ ಬಾಗಿಲ ಎದುರಿಗೆ.

ಮೊದಲು ಮಾತಾಡಿದವರು ಅತ್ತೆ. “ನನ್ನ ಚೀಲ ಎಲ್ಲೈತಿ?”

ಡ್ರೈವರ್ ಇಳಿದು ಬಂದು ನೆಲದ ಮೇಲೆಯೇ ಕುಕ್ಕರಿಸಿದ. “ನನಗ ಕಾಣಲಿಲ್ಲವ್ವಾ” ಎಂದ.

“ಬೆನ್ನಾಗ ಕಣ್ಣು ಇಟ್ಟಾನೇನಪಾ ದೇವರು ನಿನಗ? ಏಳು, ಒಂಚೂರು ನೀರು ಕುಡಿ” ಎಂದರು ಅತ್ತೆ. ಆಮೇಲೆ ಎಲ್ಲರ ಕಡೆ ತಿರುಗಿ, “ಈಗ ಹತ್ತಸ್ರಿ ನನ್ನ, ಹೊತ್ತಾತು” ಎಂದರು. ಅಂಗೈಯ ಚರ್ಮ ಕಿತ್ತು ರಕ್ತ ಬರುತ್ತಿತ್ತು. ನಾನೂ ಗಂಡನೂ ಎರಡೂ ಕಡೆ ಹಿಡಿದು ಅಂಗಡಿಗೆ ಕರೆತಂದೆವು. ಪಟ್ಟಿ ಕಟ್ಟುತ್ತಿರುವಾಗಲೇ ಫೋನು ಬಂತು, ಮಸ್ಕಿಯ ಅಕ್ಕ. ಅತ್ತೆಗೆ ಕಿವಿ ಮಂದ ಎಂದು ಸ್ಪೀಕರಿಗೆ ಹಾಕಿದೆ.

“ಎಣ್ಣಿ ಬಟ್ಟಲಾ ಹಿಡ್ಕೊಂಡು ಕುಂತೀನಲೇ ತಂಗಿ, ಎಲ್ಲಿ ಅದಿ? ಚಾದಂಗಡಿ ಹುಡುಗ ಡಬ್ಬಿ ಹಾಕ್ಕೊಂಡು ಕಾಯಾಕತ್ಯಾನಂತ.”

“ಇವತ್ತ ಆಗಂಗಿಲ್ಲಕ್ಕಾ. ಒಂದೀಟು ಕೆಲಸ ಬಂತು.”

“ಏನು ಕೆಲಸ? ಕಲೆಕ್ಟರ್ ಆಗೀ ಏನು?”

ಅತ್ತೆ ನಕ್ಕರು. ನಗುತ್ತಾ ನಗುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಮನೆಯಲ್ಲಿ ಗಂಡ ಸ್ಪಷ್ಟವಾಗಿ ಹೇಳಿದರು, ಇನ್ನು ಬಸ್ಸು ಬೇಡ, ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ನಾನೂ ಅದನ್ನೇ ಹೇಳಿದೆ. ನನಗೆ ಆ ಗಾಲಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

“ಯಾವತ್ತು ಕರಕೊಂಡು ಹೋಗ್ತೀ?” ಅತ್ತೆ ಕೇಳಿದರು.

“ಬಿಡುವಾದಾಗ ಬೇ.”

“ನಿನಗ ಬಿಡುವಾದಾಗ ಅಕ್ಕನ ತಲಿ ಹೊಲಸಾಗಬೇಕೇನು?”

ಅತ್ತೆ ಆಮೇಲೆ ವಾದಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮನೆಯ ಕಟ್ಟೆಯ ಮೇಲೆ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಅಕ್ಕನಿಗೆ ಫೋನು ಮಾಡಿ ಕೊಡಲೇ ಎಂದರೆ ಬೇಡ ಎನ್ನುತ್ತಿದ್ದರು. ಇನ್ನೊಂದು ಸೋಮವಾರ ತಪ್ಪಿದರೆ ಇನ್ನು ಎಂದೂ ಹೋಗುವುದಿಲ್ಲ ಎಂದು ಅವರು ಒಳಗೇ ತೀರ್ಮಾನಿಸುತ್ತಿದ್ದಾರೆ ಅನ್ನಿಸಿತು. ಹೋಗಲಿ ಎನ್ನಲು ನನಗೆ ಧೈರ್ಯವಿರಲಿಲ್ಲ, ಬೇಡ ಎನ್ನಲು ಅವರ ಮುಖ ನೋಡಲಾಗುತ್ತಿರಲಿಲ್ಲ.

ಇತ್ತ ಹಣ್ಣಿನವರು ಪಾವಟಿಗೆಗೆ ಸರಪಳಿ ಬಿಗಿದು ಕೀಲಿ ತಂದು ನಮ್ಮ ಕೌಂಟರಿನ ಮೇಲಿಟ್ಟರು. “ನನ್ನ ಕೈಯಿಂದ ಇನ್ನ ಆಗಂಗಿಲ್ರೀ ಅಕ್ಕಾ. ಬಡದದ್ದು ಇದ ಕೈ” ಎಂದು ಅಂಗೈ ತೋರಿಸಿದರು. ಹೆಗಲು ಕೊಟ್ಟದ್ದೂ ನೀವೇ ಅಲ್ಲವೇ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮರುದಿನದಿಂದ ಕೌಂಟರಿನ ಹಿಂದೆ ನಿಂತು ನಾನು ನೋಡಿದೆ. ಬಳಗಾನೂರಿನ ಒಬ್ಬ ಮುದುಕಿ ಬಸ್ಸಿನ ಮೆಟ್ಟಿಲಿಗೆ ಎರಡೂ ಅಂಗೈ ಊರಿ, ಕೂಸಿನ ಹಾಗೆ ಅಂಬೆಗಾಲಿನಲ್ಲಿ ಹತ್ತಿದಳು. ಇನ್ನೊಬ್ಬರು ಒಂದು ಬಸ್ಸು ಬಿಟ್ಟರು, ಇನ್ನೊಂದು ಬಿಟ್ಟರು, ಆಮೇಲೆ ಮನೆಯ ದಾರಿ ಹಿಡಿದರು. ಹಳದಿ ಪಾವಟಿಗೆ ಕಂಬಕ್ಕೆ ಕಟ್ಟಿಸಿಕೊಂಡು ಪಕ್ಕದಲ್ಲೇ ಇತ್ತು.

ಶನಿವಾರ ಸಂಜೆ ಆಟೋ ನಿಲ್ದಾಣದ ಬೇವಿನ ನೆರಳಲ್ಲಿ ಎಲ್ಲರೂ ಸೇರಿದರು. ಒಬ್ಬರು ಕಾಲೇಜಿನವರನ್ನು ಕಾವಲು ನಿಲ್ಲಿಸೋಣ ಎಂದರು. ಇನ್ನೊಬ್ಬರು ಬೋರ್ಡು ಬರೆಸೋಣ ಎಂದರು. ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಅಧಿಕಾರಿ, ಪಾವಟಿಗೆಯನ್ನೇ ತೆಗೆದುಬಿಡುವುದು ಒಳ್ಳೆಯದೇನೋ ಎಂದು ಮೆಲ್ಲಗೆ ಹೇಳಿದರು. ಅವರ ಮಾತಿಗೆ ಯಾರೂ ಎದುರು ಹೇಳಲಿಲ್ಲ. ನಾನೂ ಹೇಳಲಿಲ್ಲ, ನನಗೂ ಹೆದರಿಕೆಯೇ ಇತ್ತು.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಅತ್ತೆ ಇಳಿದರು. ಅಂದು ಅಡ್ಡ ನಿಂತಿದ್ದ ಅದೇ ಆಟೋದವನಿಗೆ ಹೇಳಿ ಕಳಿಸಿ, ನಮಗೆ ತಿಳಿಸದೆ ಬಂದಿದ್ದರು. ನೇರ ಹಣ್ಣಿನವರ ಎದುರಿಗೆ ಹೋಗಿ ನಿಂತರು.

“ಯಾಕ ತಮ್ಮಾ, ಪಾವಟಿಗಿ ಕಟ್ಟಿ ಹಾಕೀ ಅಂತ?”

“ಮಾಫ್ ಮಾಡ್ರಿ ಅವ್ವಾ. ನೀವು ಹತ್ತೀರಂತ ತಿಳಿದು...”

“ಅದ ನೋಡು ತಪ್ಪು. ನಾ ಹತ್ತೀನಿ ಅಂತ ನೀ ಯಾಕ ಹೇಳ್ಬೇಕು? ನನಗ ಮೊಣಕಾಲು ಹೋಗ್ಯಾವ, ಬಾಯಿ ಹೋಗಿಲ್ಲ. ನಾ ಕುಂತೀನಿ ಅಂತ ನಾನ ಹೇಳ್ತೀನಿ. ಹೇಳಿದ ಮ್ಯಾಲೆ ಬಿಡ್ರಿ.”

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ದಿನ ಅಷ್ಟು ಜನ ಸೇರಿ ಹತ್ತಿಸಿದ್ದೆವು, ಇಳಿಸಿದ್ದೆವು, ಸೀರೆಯ ಬಣ್ಣವನ್ನು ಫೋನಿನಲ್ಲಿ ಹೇಳಿದ್ದೆವು. ಹತ್ತಿದವರನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

“ಅವ್ವಾ, ಹಿಂಗ ಒಬ್ಬೊಬ್ಬರು ಹೇಳ್ಕೊಂತ ಕುಂತ್ರ ಬಸ್ಸು ಮಸ್ಕಿ ಮುಟ್ಟೋದು ಮುಂದಿನ ಸೋಮವಾರ” ಎಂದ ಅವರನ್ನು ಕರೆತಂದ ಆಟೋದವನು.

“ಮುಟ್ಲಿ. ನೀ ಆಟೋದಾಗ ಜಲ್ದಿ ಮುಟ್ಟಿಸ್ತೀ ಏನು? ಅಗಸಿ ಬಾಗಲ ತನಕ ಬರೂದ್ರಾಗ ಮೂರು ಸಲ ಬಂದ್ ಬಿದ್ದೈತಿ ನಿನ್ನ ಗಾಡಿ.”

ನಗು ಎದ್ದಿತು. ಹಣ್ಣಿನವರೂ ನಕ್ಕರು, ಆ ವಾರದಲ್ಲಿ ಮೊದಲ ಸಲ. ಬಡಗಿ ಮರುದಿನವೇ ಎರಡನೆಯ ಬಾಗಿಲಿಗೂ ಒಂದು ಪಾವಟಿಗೆ ಮಾಡುವುದಾಗಿ ಒಪ್ಪಿದರು. ಬಸ್ಸುಗಳ ಹೊತ್ತು ನೋಡುವ ಅಧಿಕಾರಿ, ಡ್ರೈವರುಗಳಿಗೂ ಕಂಡಕ್ಟರುಗಳಿಗೂ ತಾವೇ ತಿಳಿಸುವುದಾಗಿ ಹೇಳಿದರು. ಇನ್ನು ಮುಂದೆ ಹೊರಗಿನವರು ಯಾರೂ ತಗಡು ಬಡಿಯುವಂತಿಲ್ಲ. ಹಿರಿಯರು ಕೂತು, ಕೂತಿದ್ದೇನೆ ಎಂದ ಮೇಲೆ ಕಂಡಕ್ಟರ್ ಸೀಟಿ ಊದಬೇಕು.

ಸೋಮವಾರ ಬೆಳಿಗ್ಗೆ ಅತ್ತೆ ಸೀಗೆಕಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಾರಿನ ಮಾತನ್ನು ಗಂಡ ಮತ್ತೆ ಎತ್ತಲಿಲ್ಲ. ನಾನೂ ಬರುತ್ತೇನೆ ಎಂದೆ.

“ನೀ ಬಂದ್ರ ನಿನ್ನ ನಾನ ಹಿಡ್ಕೋಬೇಕು. ಕೈ ನೋಡ್ಕೋ, ಹ್ಯಾಂಗ ನಡಗಾಕತ್ತಾವ” ಎಂದರು.

ನಿಜವಿತ್ತು. ಆದರೂ ರಸ್ತೆ ದಾಟಿ ಬಸ್ಸಿನ ಪಕ್ಕದ ತನಕ ಹೋದೆ. ಕೌಂಟರಿನಲ್ಲಿ ಗಂಡ ನಿಂತಿದ್ದರು, ಅವರ ಕಣ್ಣೂ ಇತ್ತಲೇ. ನಮ್ಮ ಕೌಂಟರಿನಿಂದ ಕೀಲಿ ವಾಪಸು ಒಯ್ದಿದ್ದ ಹಣ್ಣಿನವರು ಹಿಂದಿನ ಬಾಗಿಲಿಗೆ ಪಾವಟಿಗೆ ಹಚ್ಚಿದರು, ಮುಂದಿನ ಬಾಗಿಲಿಗೆ ಶೇಂಗಾದ ಅಕ್ಕ. ಅತ್ತೆ ಹಿಡಿಕೆಗೆ ಕೈ ಹಾಕಿ ಒಂದೊಂದೇ ಮೆಟ್ಟಿಲು ಏರಿದರು. ಗಾಲಿಯ ಕಡೆ ನಾನು ನೋಡಲಿಲ್ಲ. ಅವರ ಹಿಮ್ಮಡಿಯನ್ನಷ್ಟೇ ನೋಡುತ್ತಿದ್ದೆ. ಅದು ಒಳಗೆ ಹೋಯಿತು.

ಅಷ್ಟು ತುಂಬಿದ ಬಸ್ಸು ಅಷ್ಟು ಸುಮ್ಮನಿದ್ದುದನ್ನು ನಾನು ಎಂದೂ ಕಂಡಿಲ್ಲ. ಕಿಟಕಿಯಿಂದ ಟವೆಲ್ಲು ಎಸೆದಿದ್ದವನೊಬ್ಬ ಎದ್ದು ಅತ್ತೆಗೆ ಸೀಟು ಬಿಟ್ಟ. ಅವರು ಕೂತರು, ಚೀಲವನ್ನು ತೊಡೆಯ ಮೇಲೆ ಇಟ್ಟರು, ಸೆರಗು ಸರಿಮಾಡಿಕೊಂಡರು. ಯಾರೂ ಆತುರ ಮಾಡಲಿಲ್ಲ. ಡ್ರೈವರ್ ತಿರುಗಿ ಕೂತು ಅವರನ್ನೇ ನೋಡುತ್ತಿದ್ದ. “ಕುಂತೀನಪಾ” ಎಂದರು ಅತ್ತೆ.

ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಅತ್ತೆ ಕೈ ಎತ್ತಿದರು. ಮುಂದಿನ ಸೀಟಿನಲ್ಲಿ ವಳಕಮದಿನ್ನಿಯ ಯಜಮಾನರು ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು.

“ಯಜಮಾನ್ರ, ನೀವು ಹೇಳಿಲ್ಲಲ್ರೀ.”

“ಕುಂತೀನಬೇ, ನೀನ ಬಿಡಂತ ಹೇಳು” ಎಂದರು ಅವರು ಮೆತ್ತಗೆ.

“ನಾ ಹೇಳಂಗಿಲ್ಲ. ನಿಮ್ಮದು ನೀವ ಹೇಳ್ರಿ.”

ಅವರು ಏನೋ ಅಂದರು, ಕೇಳಲಿಲ್ಲ. “ಜೋರ ಹೇಳ್ರೀ ಕಾಕಾ!” ಎಂದರು ಯಾರೋ ಹಿಂದಿನಿಂದ. ಬಸ್ಸೆಲ್ಲ ಕಾಯುತ್ತಿತ್ತು. ಯಜಮಾನರು ಒಮ್ಮೆ ಸುತ್ತ ನೋಡಿದರು. ಇಷ್ಟು ಜನ ತನ್ನ ಒಂದು ಮಾತಿಗಾಗಿ ನಿಂತಿದ್ದಾರೆ ಎಂಬುದು ಅವರಿಗೂ ನಂಬಿಕೆಯಾಗುತ್ತಿರಲಿಲ್ಲ ಎಂದು ಕಾಣುತ್ತದೆ. ಕೋಲು ಊರಿ ನೆಟ್ಟಗಾಗಿ, ಕೊರಳೆತ್ತಿ ಕೂಗಿದರು:

“ಕುಂತೀನಿ! ಹೊಡಿ ಗಾಡಿ!”